ಊಟವಾದ ಮೇಲಿನ ಅರಿಷ್ಟ

ಕೈಲಾಸ್ ಹಿತ್ತಲಿನ ಒಗೆಯೋ ಕಲ್ಲು ಹಿಡಿದುಕೊಂಡು ಮತ್ತೊಮ್ಮೆ ವಾಂತಿ ಮಾಡಿದ. ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕಾವೇರಮ್ಮ ಅವನ ಬೆನ್ನು ನೀವುತ್ತಿದ್ದರು.

"ಕುಡುಕರಿಗೆ ರೂಮ್ ಕೊಡಬೇಡ ಅಂತ ಬಡ್ಕೊಂಡೆ!" ಅವರ ಅಣ್ಣ ಶೀನಣ್ಣ ಬಾಗಿಲಲ್ಲೇ ನಿಂತು ಗುಡುಗಿದರು.

"ಕುಡ್ದಿಲ್ಲ ಸಾರ್. ದೇವ್ರಾಣೆ."

ಕುಡಿತ ಬಿಡಿಸುವ ಕೇಂದ್ರದವರು ಚಿಕಿತ್ಸೆ ಮುಗಿಯುವವರೆಗೆ ಅವನಿಗೊಂದು ನೆಲೆ ಹುಡುಕುತ್ತಿದ್ದರು. ಅಣ್ಣನನ್ನು ಒಪ್ಪಿಸಿ ಚಾಮರಾಜಪೇಟೆಯ ಮನೆಯ ಹಿಂದಿನ ಕೋಣೆ ಕೊಡಿಸಿದವರು ಕಾವೇರಮ್ಮ. ಅದು ಕೈತಪ್ಪಿದರೆ ಅಕ್ಕಿಪೇಟೆಯಲ್ಲಿ ಬಾರಿನ ಮೇಲಿನ ಹಳೆಯ ರೂಮೇ ಗತಿ. ಅಲ್ಲಿ ಅದೇ ಗೆಳೆಯರು.

ಫೋನ್ ಮಾಡಿದ ಕೂಡಲೇ ಕೇಂದ್ರದ ವಿಶಾಖಾ ಆಟೋದಲ್ಲಿ ಬಂದಳು. ನಾಡಿ ಹಿಡಿದು, "ಏನೇನ್ ತಗೊಂಡ್ರಿ? ಎಲ್ಲಾ ಹೇಳಿ" ಎಂದಳು.

"ಅಮ್ಮ ಊಟ ಕೊಟ್ರು. ಆಮೇಲೆ ಔಷಧಿ."

"ಹೊಟ್ಟೆ ಭಾರ ಅಂದ, ಪಾಪ," ಎಂದರು ಕಾವೇರಮ್ಮ. "ದ್ರಾಕ್ಷಾರಿಷ್ಟ ಕೊಟ್ಟೆ. ನಾವು ಎರಡೇ ಚಮಚ ತಗೊಳ್ಳೋದು. ದುಡಿಯೋ ಮೈ ಅಂತ ಇವನಿಗೆ ಅರ್ಧ ಲೋಟ."

ವಿಶಾಖಾ ಹಣೆ ಚಚ್ಚಿಕೊಂಡಳು. "ಅರಿಷ್ಟ ಹುದುಗಿಸಿ ಮಾಡೋದಮ್ಮ, ಅದ್ರಲ್ಲೂ ಆಲ್ಕೋಹಾಲ್ ಇರುತ್ತೆ. ಕುಡಿತ ಬಿಡೋಕೆ ಇವರು ತಗೊಳ್ಳೋ ಮಾತ್ರೆ ಜೊತೆ ಅಷ್ಟು ಸೇರಿದ್ರೂ ಹೀಗೇ ವಾಂತಿ ಆಗುತ್ತೆ. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಇವರದೇನೂ ತಪ್ಪಿಲ್ಲ ಸಾರ್."

ಕಾವೇರಮ್ಮನಿಗೆ ನಾಚಿಕೆಯ ನಡುವೆಯೂ ಹೋದ ಜೀವ ಬಂದಂತಾಯಿತು. ಶೀನಣ್ಣನ ಮುಖ ಮಾತ್ರ ಇನ್ನಷ್ಟು ಬಿಗಿಯಿತು.

"ಅಂದ್ರೆ ನಮ್ಮಪ್ಪನ ಕಾಲದಿಂದ ಈ ಮನೇಲಿ ಹೆಂಡ ಕುಡೀತಿದೀವಿ ಅಂತೀಯೇನಮ್ಮಾ? ನಮ್ಮಮ್ಮ ಏಕಾದಶಿ ಪಾರಣೆ ಮುಗಿಸಿ ಇದನ್ನೇ ತಗೋತಿದ್ರು!"

"ಹಾಗಲ್ಲ ಸಾರ್..."

"ಅವನೇ ಕುಡ್ಕೊಂಡು ಬಂದಿದ್ರೆ ಒಂದ್ಸಲ ಕ್ಷಮಿಸ್ತಿದ್ದೆ. ಈಗ ನಮ್ಮ ಮನೆ ಮೇಲೇ ಹೊರಿಸ್ತೀರಾ? ಸಾಮಾನು ಎತ್ಕೊಂಡು ಹೋಗ್ಲಿ."

"ಅಣ್ಣಯ್ಯ, ಕೊಟ್ಟಿದ್ದು ನಾನು."

"ನೀನು ಸುಮ್ನಿರು."

ಕೈಲಾಸನ ಸಾಮಾನೆಂದರೆ ಒಂದು ಚೀಲ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಗೇಟಿನವರೆಗೆ ಬಂದ ಕಾವೇರಮ್ಮನಿಗೆ, "ಸಾರು ಚೆನ್ನಾಗಿತ್ತಮ್ಮ" ಎಂದ.

ಮರುದಿನ ಊಟ ಮುಗಿಸಿ ಕೈ ತೊಳೆದು ಬಂದ ಶೀನಣ್ಣ, ಎಂದಿನಂತೆ ಉಯ್ಯಾಲೆಯ ಮೇಲೆ ಕೂತು ಪುಟ್ಟ ಬೆಳ್ಳಿ ಲೋಟ ಚಾಚಿದರು. ಕಾವೇರಮ್ಮ ಎರಡು ಚಮಚ ಅರಿಷ್ಟ ಹಾಕಿದರು.

"ನಿನಗೆ?"

ಅವರು ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುವಿ, ಎಂಜಲು ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ನಿನ್ನೆ ಔಷಧಿ ಕುಡಿದ ಕೂಡಲೇ ಕೈಲಾಸ್ ತೊಳೆದಿಟ್ಟ ಲೋಟ ಕಲ್ಲಿನ ಮೇಲೆ ಬೋರಲಾಗಿ ಹಾಗೇ ಇತ್ತು.