ಮಿಕ್ಕಿದ ಕೆಂಡ

ಸಂಜೆ ಇಸ್ತ್ರಿಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ಚೆಲ್ಲುವುದೆಂದರೆ ಇಸ್ತ್ರಿಯಣ್ಣನಿಗೆ ಜೀವ ಹೋದಂತಾಗುತ್ತಿತ್ತು. ದಿನವಿಡೀ ರಸ್ತೆ ಬದಿಯ ಗಾಡಿಯ ಮುಂದೆ ನಿಂತು ಊರವರ ಬಟ್ಟೆ ತೀಡುವ ಮನುಷ್ಯ. ಕತ್ತಲಾದರೆ ಮಿಕ್ಕ ಕೆಂಡವನ್ನು ಬಾಣಲೆಗೆ ಸುರಿದುಕೊಂಡು, ನಿಧಿ ಸಿಕ್ಕವನ ಹಾಗೆ ಮನೆಗೆ ತರುತ್ತಿದ್ದ.

ತರದೆ ಏನು ಮಾಡಿಯಾನು? ಮಗಳು ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಹೊರಗೆ ಹಲ್ಲು ಕಟಕಟ ಎನ್ನುವ ಚಳಿ. ಬಾಣಂತಿ ಕೋಣೆಯ ಕಿಟಕಿ ಸಂದಿಗೆಲ್ಲ ಹೆಂಡತಿ ಚಿಂದಿ ತುರುಕಿದ್ದಳು. ಮೂಲೆಯಲ್ಲಿ ಬಾಣಲೆ ಇಟ್ಟು ಬಾಗಿಲು ಹಾಕಿದರೆ ಕೋಣೆ ಬೆಚ್ಚಗಿರುತ್ತಿತ್ತು. ತಾಯಿ, ಮಗಳು, ಕೂಸು ಒಳಗೆ ಮಲಗಿದರೆ, ಗಿರಾಕಿಗಳ ಬಟ್ಟೆಗಂಟು ಕಾಯುತ್ತಾ ಇವನು ಹೊರಜಗುಲಿಯಲ್ಲಿ ನಡುಗುತ್ತಿದ್ದ. ನಡುಗಿದರೂ ಸಂತೋಷವಾಗಿದ್ದ.

ಒಂದು ಬೆಳಗ್ಗೆ ನಗರಸಭೆಯ ನರ್ಸಮ್ಮ ಬಂದಳು. ಚಳಿಗಾಲ ಮುಗಿಯುವವರೆಗೆ ಮನೆಮನೆಗೂ ಹೋಗಿ ಬೆಂಕಿ, ಹೊಗೆ, ಕಿಟಕಿ ಗಾಳಿಯ ವಿಷಯ ತಿಳಿಸಬೇಕೆಂದು ಅವಳಿಗೆ ಆದೇಶವಾಗಿತ್ತು. ಅದೇ ಮಾತನ್ನು ಧ್ವನಿವರ್ಧಕ ಕಟ್ಟಿದ ಆಟೋ ವಾರದಿಂದ ಅರಚುತ್ತಿತ್ತು. ಕೇಳಿದವರು ಯಾರು!

"ನಗರಸಭೆಯೋರು ಮೊದಲು ನಮ್ಮ ಚರಂಡಿ ನೋಡ್ಲಿ, ಆಮೇಲೆ ಕಿಟಕಿ ನೋಡೋವ್ರಂತೆ," ಎಂದಳು ಹೆಂಡತಿ, ಹಣೆ ಒತ್ತಿಕೊಳ್ಳುತ್ತಾ.

"ಚರಂಡಿ ವಿಷಯಾನೂ ಹೇಳ್ತೀನಮ್ಮ. ಈಗ ತಲೆನೋವಾ?"

"ಬಾಣಂತನ ಮಾಡೋರಿಗೆ ತಲೆನೋವು ಬರದೆ ಇನ್ನೇನು ಬರುತ್ತೆ? ಮಗಳಿಗೂ ಅಷ್ಟೇ. ಎದ್ದ ಕೂಡಲೆ ವಾಂತಿ, ಸುಸ್ತು. ಹಸಿ ಮೈ ನೋಡಿ."

"ನಂಗೊಬ್ಬನಿಗೇ ಏನೂ ಇಲ್ಲ," ಇಸ್ತ್ರಿಯಣ್ಣ ನಕ್ಕ. "ಗುಂಡುಕಲ್ಲಿನ ಹಾಗಿದೀನಿ."

"ನೀವು ಎಲ್ಲಿ ಮಲಗ್ತೀರಿ?"

"ಹೊರಗೆ, ಜಗುಲೀಲಿ."

ನರ್ಸಮ್ಮನ ಮುಖ ಬದಲಾಯಿತು. "ಮಗು?"

"ಬಂಗಾರ!" ಎಂದಳು ಹೆಂಡತಿ. " ಎರಡು ದಿನದಿಂದ ಅಳೋದೇ ಇಲ್ಲ. ಹಾಲು ಕುಡಿಯೋಕೆ ಎಬ್ಬಿಸಿದ್ರೂ ಏಳಲ್ಲ, ಅಂಥಾ ನಿದ್ದೆ."

ನರ್ಸಮ್ಮ ಬಾಗಿಲು ತಳ್ಳಿ ಒಳಗೆ ನುಗ್ಗಿ, ಕೂಸನ್ನು ಎತ್ತಿ ಅಂಗಳಕ್ಕೆ ಓಡಿದಳು. "ಅಯ್ಯೋ, ಗಾಳಿ ಸೋಕುತ್ತೆ!" ಎಂದು ಹೆಂಡತಿ ಕೂಗಿದಳು.

"ಗಾಳಿಯೇ ಬೇಕಾಗಿರೋದು! ಆಟೋ ಕರೀರಿ, ಬಾಣಂತೀನೂ ಹೊರಗೆ ಕರ್ಕೊಂಡು ಬನ್ನಿ!"

"ಹೊಗೆಯೇ ಇಲ್ವಲ್ಲಮ್ಮ, ನಿಗಿನಿಗಿ ಕೆಂಡ," ಎಂದ ಇಸ್ತ್ರಿಯಣ್ಣ.

"ಕಣ್ಣಿಗೆ ಕಾಣಲ್ಲ, ಮೂಗಿಗೆ ವಾಸನೆ ಬಡಿಯಲ್ಲ. ಮುಚ್ಚಿದ ಕೋಣೇಲಿ ಕೆಂಡದಿಂದ ಬರೋ ಗಾಳಿ ವಿಷ ಅಣ್ಣಾ. ಅದು ನಿದ್ದೆ ಅಲ್ಲ."

ಬಾಣಲೆ ತಂದಿಟ್ಟವನು ಅವನೇ. ಆಟೋದಲ್ಲಿ ಮೊಮ್ಮಗಳ ತಣ್ಣನೆಯ ಪುಟ್ಟ ಪಾದ ಹಿಡಿದುಕೊಂಡು ಹಸುಗೂಸಿನಂತೆ ಅತ್ತ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಕೂಸು ಮುಖ ಕೆಂಪಗೆ ಮಾಡಿಕೊಂಡು ವಾರ್ಡಿನ ಸೂರು ಹಾರುವಂತೆ ಕಿರುಚಿತು. ಡಾಕ್ಟರು ಇನ್ನು ಭಯವಿಲ್ಲ ಎಂದರು. ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು.

"ಕೆಂಡ ಬೇರೆ ಯಾರಿಗಾದ್ರೂ ಕೊಡ್ತೀರಾ?" ನರ್ಸಮ್ಮ ಮೆಲ್ಲಗೆ ಕೇಳಿದಳು.

ಇಸ್ತ್ರಿಯಣ್ಣ ಎದ್ದು ನಿಂತ. ಪಕ್ಕದ ಮನೆಯ ದರ್ಜಿಯ ಮುದಿ ತಾಯಿಗೆ ದಿನವೂ ಒಂದು ಬಾಣಲೆ ಕೊಡುತ್ತಿದ್ದ.

ಸಂಜೆ, ಆಸ್ಪತ್ರೆಯಿಂದ ಬಂದು ಇಸ್ತ್ರಿಯಣ್ಣ ಬಾಕಿ ಬಟ್ಟೆ ತೀಡುತ್ತಿದ್ದಾಗ, ದರ್ಜಿ ಎಂದಿನಂತೆ ಬಾಣಲೆ ಹಿಡಿದು ಗಾಡಿಯ ಹತ್ತಿರ ಬಂದ.

"ಇಲ್ಲ ಕಣೋ, ಇವತ್ತಿಂದ ಇಲ್ಲ."

"ಓಹೋ, ಅಜ್ಜ ಆದ್ಮೇಲೆ ದೊಡ್ಡ ಮನುಷ್ಯ ಆದೆ. ನಮ್ಮಮ್ಮ ಚಳೀಲಿ ಸಾಯ್ಲಾ?"

"ನನ್ನ ಕೈಯಾರೆ ಮೊಮ್ಮಗಳನ್ನ ಸಾಯಿಸ್ತಿದ್ದೆ," ಎಂದು ಇಸ್ತ್ರಿಯಣ್ಣ ನಡೆದದ್ದನ್ನೆಲ್ಲ ಹೇಳಿದ. ದರ್ಜಿ ಬಾಣಲೆಯನ್ನು ಕೆಳಗಿಟ್ಟ.

"ಅಮ್ಮನಿಗೂ ಬೆಳಗ್ಗೆ ತಲೆ ಎತ್ತೋಕಾಗಲ್ಲ," ಎಂದ. "ವಯಸ್ಸಾಯ್ತು ಅಂದ್ಕೊಂಡಿದ್ದೆ."

"ಅವರನ್ನ ಹೊರಗೆ ಕೂರ್ಸು, ನರ್ಸಮ್ಮನಿಗೆ ಹೇಳಿ ಕಳಿಸ್ತೀನಿ. ಅವರ ಹೊದಿಕೆ ಇಲ್ಲಿ ತಾ."

ದರ್ಜಿ ತಂದ ಹೊದಿಕೆಯನ್ನು ಇಸ್ತ್ರಿಯಣ್ಣ ಗಾಡಿಯ ಮೇಲೆ ಹರವಿ, ಅಂಚಿನಿಂದ ಅಂಚಿಗೆ ತೀಡಿದ. ಅಷ್ಟಾದ ಮೇಲೆ ಕೆಂಡವನ್ನು ಬೀದಿ ಬದಿಗೆ ಸುರಿದು, ಕೊಡ ನೀರು ಹೊಯ್ದ. ಚೊಂಯ್ ಎಂದು ಎದ್ದ ಹಬೆಯನ್ನು ದಾಟಿ, ಹೊದಿಕೆ ಎದೆಗವಚಿಕೊಂಡು ದರ್ಜಿಯ ಮನೆಗೆ ನಡೆದ. ನರ್ಸಮ್ಮ ಬಂದು ನೋಡಿ ಹೋದ ಮೇಲೆ ಮುದುಕಿಯನ್ನು ಒಳಗೆ ಮಲಗಿಸಿ, ಅದನ್ನು ತಾನೇ ಹೊದಿಸಿದ.

"ಆಹಾ, ಬೆಚ್ಚಗಿದೆ," ಎಂದಳು ಮುದುಕಿ. ಆಮೇಲೆ ಗೋಡೆಯ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು. "ಕಿಟಕಿ ತೆಗೆದೋರ್ಯಾರು?"

"ನಾನೇ ಕಣಮ್ಮ," ಎಂದ ಇಸ್ತ್ರಿಯಣ್ಣ. "ಬೈಯಿರಿ, ಬೇಕಾದಷ್ಟು ಬೈಯಿರಿ. ಮುಚ್ಚೋಕೆ ಮಾತ್ರ ಬಿಡಲ್ಲ."