ಅಕ್ಕ ಎಂದು ಕರೆಯುವ ಮಗಳು

ಫೋನಿನ ಪರದೆಯ ತುಂಬ ಲಿವ್‌ಲಿವಾಳ ಕೂದಲು, ಅದರೊಳಗೆ ಓಡಾಡುವ ಅವ್ವನ ಬೆರಳು, ಎಣ್ಣೆ ಜಾಸ್ತಿಯಾಯಿತು, ಅವ್ವ ಯಾವಾಗಲೂ ಹೀಗೇ, ಕೊಬ್ಬರಿ ಎಣ್ಣೆ ಸುರಿದುಬಿಡುತ್ತಾಳೆ — ಅಲ್ಲಿ ಫಿಲಿಪೀನ್ಸಿನ ಇಲೋಕೋಸ್‌ನಲ್ಲಿ ಬೆಳಗು, ಶಾಲೆಗೆ ಹೊರಡುವ ಹೊತ್ತು, ಇಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಸಂಜೆ, ಕಿಟಕಿಯಾಚೆ ಹಿಮ, ಆದರೂ ಡೆಲ್ಫಿನಾಳ ಮೂಗಿಗೆ ಅದೇ ಎಣ್ಣೆಯ ವಾಸನೆ, ಇವತ್ತು ಹೇಳಿಬಿಡಬೇಕು, ಅಕ್ಕಾ ಊಟ ಆಯ್ತಾ ನಿಂದು ಎಂದು ಹುಡುಗಿ ಕೇಳುತ್ತಾಳೆ, ಅಕ್ಕ, ಹನ್ನೊಂದು ವರ್ಷದಿಂದ ಹೆತ್ತವಳು ಅಕ್ಕ, ಹೆತ್ತವಳನ್ನು ಹೆತ್ತವಳು ಅವ್ವ, ಎಂಥ ನಾಟಕ ಆಡಿದ್ದಳು ಅವ್ವ, ನೆನೆದರೆ ಈಗಲೂ ನಗು ಬರುತ್ತದೆ, ಡೆಲ್ಫಿನಾಳನ್ನು ಬಸುರಿ ಮಾಡಿದವನು ಹಡಗಿನ ಕೆಲಸಕ್ಕೆಂದು ಹೋಗಿ ನಾಪತ್ತೆಯಾದಾಗ ಮಗಳನ್ನು ಒಳಗೆ ಕೂರಿಸಿ, ತಾನು ಮಗ್ಗದ ಬಟ್ಟೆಯನ್ನು ಹೊಟ್ಟೆಗೆ ಸುತ್ತಿಕೊಂಡು ಸಂತೆಗೆ ಹೋಗುತ್ತಿದ್ದಳು, ಈ ವಯಸ್ಸಲ್ಲಿ ಏನೇ ಇದು ನಿಂದು ಎಂದು ಮೀನಿನವಳು ಕಿಚಾಯಿಸಿದರೆ, ನಮ್ಮನೆಯವ್ರನ್ನ ಕೇಳು ಹೋಗು ಎಂದು ಹೊಟ್ಟೆ ನೀವಿಕೊಳ್ಳುತ್ತಿದ್ದಳು, ಇಗರ್ಜಿಯಲ್ಲಿ ಮಗುವಿಗೆ ಹೆಸರಿಡಿಸಿದ ದಿನ ತಾಯಿಯ ಜಾಗದಲ್ಲಿ ನಿಂತವಳೂ ಅವಳೇ, ಊರಿಗೇನೂ ಇದು ಹೊಸದಲ್ಲ, ಎಷ್ಟು ಮನೆಗಳ ಕಿರಿ ತಂಗಿಯರು ಹೀಗೇ ಹುಟ್ಟಿದವರೋ — ಆಮೇಲೆ ಆ ಮಧ್ಯಾಹ್ನಗಳು, ಮಗ್ಗದ ಹಿಂದೆ ಚಾಪೆ, ಡೆಲ್ಫಿನಾ ಹಾಲೂಡಿಸುವಷ್ಟು ಹೊತ್ತೂ ಅವ್ವ ನೇಯುವುದನ್ನು ನಿಲ್ಲಿಸುತ್ತಿರಲಿಲ್ಲ, ಇವಳು ಮಗುವಿಗೆ ಹಾಡುವುದು ಬೀದಿಗೆ ಕೇಳಬಾರದೆಂದು, ಟಕ ಟಕ ಟಕ ಟಕ, ಅಂಥ ಸುಖ ಆಮೇಲೆ ಎಲ್ಲೂ ಸಿಗಲಿಲ್ಲ, ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳಲು ಕೆನಡಾಕ್ಕೆ ಅರ್ಜಿ ಹಾಕುವಾಗ ಮಕ್ಕಳು ಎಂಬಲ್ಲಿ ಇಲ್ಲ ಎಂದೇ ಬರೆದಳು, ಊರಿಗೆಲ್ಲ ತಂಗಿಯಾದವಳನ್ನು ಮಗಳು ಎಂದು ಬರೆಯುವುದು ಹೇಗೆ, ಮಗಳನ್ನು ಇಲ್ಲಿಗೆ ಕರೆಸಿಕೊಳ್ಳಬೇಕೆಂದರೆ ಅದೇ ಈಗ ಕುತ್ತಿಗೆಗೆ ಬಂದಿದೆ.

ಅವತ್ತು ಹೇಳದೆ ಬಿಟ್ಟೋರನ್ನ ಇವತ್ತು ಕರೆಸ್ಕೊಳ್ಳೋದು ಕಷ್ಟಾನಮ್ಮ ಎಂದ ವಕೀಲ, ಒಂದು ದಾರಿ ಇದೆ, ಆದ್ರೆ ನಿಜ ಒಪ್ಕೋಬೇಕು, ತಾಯಿ ಮಗಳು ಹೌದೋ ಅಲ್ವೋ ಪರೀಕ್ಷೆ ಆಗತ್ತೆ, ಹುಡುಗಿಗೆ ಮೊದ್ಲೇ ತಿಳಿಸಿ — ನಾನಂತೂ ಬಾಯ್ಬಿಡಲ್ಲ, ಹೆತ್ತೋಳು ನೀನು, ನೀನೇ ಹೇಳ್ಕೋ ಎಂದಳು ಅವ್ವ, ಕರ್ಕೊಂಡು ಹೋಗು, ನಿನ್ನ ಹತ್ರ ಓದ್ಲಿ ಎಂದೂ ಅಂದಳು, ಆಗ ಅವಳ ದನಿ ಗಟ್ಟಿಯಾಗಿಯೇ ಇತ್ತು, ಇಲ್ಲ, ಗಟ್ಟಿಯಾಗಿತ್ತು ಎಂದು ಡೆಲ್ಫಿನಾ ನಂಬಿಕೊಂಡಿದ್ದಳು, ಲಿವಾ, ಇಲ್ಲಿ ನೋಡು, ನಾನು ನಿನ್ನ ಅಕ್ಕ ಅಲ್ಲ ಕಣೇ, ನಿನ್ನ ಹೆತ್ತೋಳು ನಾನೇ, ಹೇಳಿಯೇ ಬಿಟ್ಟಳು, ಇಷ್ಟು ವರ್ಷ ನುಂಗಿಕೊಂಡ ಮಾತು ಇಷ್ಟೇ ಇತ್ತು, ಹುಡುಗಿ ಅಳಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ, ಹಂಗಾದ್ರೆ ಅವ್ವ ನಂಗೆ ಅವ್ವ ಅಲ್ವಾ ಎಂದಳು — ಅಜ್ಜಿ ಕಣೇ ಎನ್ನಬೇಕು, ಎಷ್ಟು ಸುಲಭದ ಉತ್ತರ, ಆದರೆ ದಿನಾ ಆ ತಲೆ ಬಾಚಿದವಳು, ಹುಡುಗಿಯ ಜ್ವರಕ್ಕೆಲ್ಲ ನಿದ್ದೆಗೆಟ್ಟವಳು, ಅವಳಿಂದ ಮಗಳನ್ನು ಕಿತ್ತುಕೊಂಡದ್ದು ಈಗ, ಅವಳಿಗೆ ಕೇಳುವಂತೆಯೇ, ಅವ್ವನ ಮುಖ ಪರದೆಯಲ್ಲಿಲ್ಲ, ಕೈ ಮಾತ್ರ ಇದೆ, ಜಡೆ ಅರ್ಧಕ್ಕೆ ನಿಂತಿದೆ, ಬೆರಳ ಸಂದಿಯಲ್ಲಿ ಮೂರು ಎಳೆ, ಹೆಣೆಯುತ್ತಿಲ್ಲ, ಬಿಡುತ್ತಲೂ ಇಲ್ಲ, ಆ ಕೈ, ಮೂರು ಎಳೆ, ಆ ಕೈ