ಅಕ್ಕನ ಕೈಗುಣ

"ಅಕ್ಕಾ, ಈ ಸೀಸೆಗೆ ರಕ್ತ ತೆಗೆದಿದ್ದು ಯಾರು?" ಲ್ಯಾಬಿನವಳು ವಾರ್ಡಿನ ಬಾಗಿಲಲ್ಲೇ ನಿಂತು ಕೇಳಿದಳು.

"ಇನ್ಯಾರು, ನಾನೇ. ನಮ್ಮಣ್ಣನ್ನ ಬೇರೆಯವ್ರು ಚುಚ್ಚೋಕೆ ಬಿಡ್ತೀನಾ?" ಹಿರಿಯ ನರ್ಸು ತಲೆಯೆತ್ತಲಿಲ್ಲ.

ಬಿಡುವವಳಲ್ಲ, ನಿಜ. ಇಡೀ ಆಸ್ಪತ್ರೆಯಲ್ಲಿ ಯಾರಿಗೆ ನರ ಸಿಗದಿದ್ದರೂ ಅವಳಿಗೇ ಕರೆ ಬರುತ್ತಿತ್ತು. ಕಣ್ಣಿಗೆ ಕಾಣದ ನರವನ್ನು ತೋರುಬೆರಳಲ್ಲಿ ಒತ್ತಿ ಹುಡುಕಿ, ಒಂದೇ ಏಟಿಗೆ ರಕ್ತ ತೆಗೆಯುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸೂಜಿ ಅಕ್ಕ. ಆ ಹೆಸರೆಂದರೆ ಅವಳಿಗೂ ಒಳಗೊಳಗೇ ಹಿಗ್ಗು.

ಅಣ್ಣನ ಎದೆಯೊಳಗೆ ಹೃದಯದ ಬಡಿತ ಕಾಯುವ ಪುಟ್ಟ ಯಂತ್ರವಿತ್ತು. ಜ್ವರವೆಂದು ಬಂದು ಮಲಗಿದ್ದ. ಪರೀಕ್ಷೆಗೆ ಕಳಿಸಿದ ರಕ್ತದಲ್ಲಿ ಕ್ರಿಮಿ ಬೆಳೆದಿತ್ತು. ಅದು ನಿಜಕ್ಕೂ ರಕ್ತದಲ್ಲೇ ಇದ್ದರೆ ಎದೆ ಕೊಯ್ದು ಯಂತ್ರವನ್ನೂ ತಂತಿಯನ್ನೂ ಕೀಳಬೇಕು. ಅತ್ತಿಗೆ ಆಗಲೇ ಅತ್ತು ಅತ್ತು ಸೋತಿದ್ದಳು.

"ಇದು ಚರ್ಮದ ಮೇಲಿರೋ ಕ್ರಿಮಿ ಅಕ್ಕ. ರಕ್ತಕ್ಕೆ ಇಳಿದಿದ್ರೂ ಇಳಿದಿರಬಹುದು. ಇಲ್ಲಾ, ತೆಗೆಯುವಾಗ ಸೀಸೆಗೆ ಸೇರ್ಕೊಂಡಿರಬಹುದು. ಔಷಧಿ ಶುರು ಮಾಡೋ ಮೊದ್ಲು ಅಣ್ಣನ ಎರಡೂ ತೋಳಿಂದ ಮತ್ತೆ ತೆಗೀರಿ ಅಂದಿದಾರೆ ಡಾಕ್ಟ್ರು."

"ಸ್ಪಿರಿಟ್ ಹಚ್ಚಿ ತಿಕ್ಕಿ ಒರೆಸ್ತೀನಿ ಕಣೇ! ನಿನ್ನೆ ಮೊನ್ನೆ ಬಂದೋಳು ನಂಗೆ ಹೇಳ್ಕೊಡ್ತೀಯಾ?"

"ಅಯ್ಯೋ ಇಲ್ಲಪ್ಪಾ. ಸುಮ್ನೆ ನೋಡ್ತಾ ನಿಂತಿರ್ತೀನಿ."

ಅಕ್ಕ ಅಣ್ಣನ ತೋಳಿಗೆ ಪಟ್ಟಿ ಬಿಗಿದಳು, ಒರೆಸಿದಳು, ಸೂಜಿ ಹಿಡಿದಳು. ಚುಚ್ಚುವ ಮುನ್ನ ಎಡಗೈಯ ತೋರುಬೆರಳು ತಾನಾಗಿಯೇ ಹೋಗಿ, ಒರೆಸಿದ ಜಾಗವನ್ನೇ ಮೆಲ್ಲಗೆ ಒತ್ತಿತು.

"ಅಕ್ಕಾ, ಬೆರಳು!"

"ಗ್ಲೌಸ್ ಇದೆಯಲ್ಲೇ!"

"ಅದೇ ಗ್ಲೌಸಲ್ಲಿ ಮಂಚ ಹಿಡಿದ್ರಿ, ಹೊದಿಕೆ ಸರಿಸಿದ್ರಿ, ಈಗ ತಾನೆ ಅಣ್ಣನ ತಲೆ ಸವರಿದ್ರಿ."

ಅಕ್ಕನ ಸಿಟ್ಟು ನೆತ್ತಿಗೇರಿತು. ಮರುಕ್ಷಣವೇ ಸೂಜಿ ಕೆಳಗಿಟ್ಟಳು. ಇಷ್ಟು ವರ್ಷವೂ ಹೀಗೇ ಮುಟ್ಟಿದ್ದಳಲ್ಲ! ಅಣ್ಣನ ಎದೆಗೆ ಕತ್ತಿ ಹಾಕಿಸಲು ಹೊರಟಿದ್ದು ತನ್ನ ಬೆರಳೇ ಇದ್ದೀತು. ಅದನ್ನು ಅವಳು ಇನ್ನು ನಂಬಲಾರಳು.

ಕಿರಿಯ ನರ್ಸನ್ನು ಕರೆದಳು. "ನೀನೇ ತೆಗಿಯಮ್ಮ. ಮೊದ್ಲೇ ನರ ಹುಡುಕ್ಕೋ. ಒರೆಸಿದ ಮೇಲೆ ಒಣಗೋ ತನಕ ಕಾಯಿ. ಆಮೇಲೆ ಮುಟ್ಟಬೇಡ."

ಮೊದಲ ಚುಚ್ಚು ತಪ್ಪಿತು. "ಅಯ್ಯಪ್ಪಾ!" ಎಂದು ಅಣ್ಣ ನರಳಿದ. "ನಿನ್ನ ಕೈಗೇನಾಯ್ತೇ? ನೀನೇ ಚುಚ್ಚಬಾರ್ದಾ?"

"ಸುಮ್ನಿರೋ ಅಣ್ಣ," ಎಂದು ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಕಣ್ಣು ತುಂಬಿ ಬಂದಿತ್ತು.

ಈ ಸಲದ ಸೀಸೆಗಳಲ್ಲಿ ಕೊನೆಯವರೆಗೂ ಏನೂ ಬೆಳೆಯಲಿಲ್ಲ. ಜ್ವರ ಬರೀ ನೆಗಡಿಯದು, ಬಂದ ಹಾಗೇ ಹೋಯಿತು. ಎದೆ ಕೊಯ್ಯುವ ಮಾತೂ ಅಲ್ಲಿಗೇ ನಿಂತಿತು.

ಮನೆಗೆ ಹೊರಡುವ ದಿನ ಅಣ್ಣ ಪಕ್ಕದ ಹಾಸಿಗೆಯ ಅಜ್ಜಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದ. "ನಮ್ಮ ತಂಗಿ ಕೈಗುಣ ಅಂದ್ರೆ ಏನಂದ್ಕೊಂಡ್ರಿ ಅಜ್ಜಿ? ಅದ್ರಿಂದ್ಲೇ ನಾನು ಉಳ್ಕೊಂಡಿದ್ದು!"

"ನನ್ನ ಕೈ ದೂರ ಇಟ್ಟಿದ್ರಿಂದ ಉಳ್ಕೊಂಡೆ ಕಣೋ," ಎಂದಳು ಅಕ್ಕ.

"ಹೋಗೇ, ಸಾಕು!" ಎಂದು ಅಣ್ಣ ಗಟ್ಟಿಯಾಗಿ ನಕ್ಕ.

ಅಜ್ಜಿಗೂ ಅಂದು ಅದೇ ಪರೀಕ್ಷೆ. "ಹಾಗಾದ್ರೆ ನಂಗೂ ನೀನೇ ತೆಗಿಯಮ್ಮ," ಎಂದು ಒಣಕಲು ತೋಳು ಚಾಚಿದಳು. ಅಕ್ಕ ನರ ಹುಡುಕಿಟ್ಟುಕೊಂಡು, ಆಮೇಲೆ ಒರೆಸಿದಳು. ತೋರುಬೆರಳು ಅಭ್ಯಾಸದಂತೆ ಮುಂದೆ ಹೋಗಿ, ಚರ್ಮಕ್ಕೆ ಇನ್ನೇನು ತಾಕಬೇಕು ಎನ್ನುವಲ್ಲಿ ನಿಂತು, ಮಡಚಿಕೊಂಡು ಮುಷ್ಟಿಯೊಳಗೆ ಸೇರಿತು.

"ಯಾಕಮ್ಮಾ ಸುಮ್ನೆ ನಿಂತ್ಬಿಟ್ಟೆ?"

"ಒಣಗಲಿ ಅಜ್ಜಿ," ಎಂದಳು ಅಕ್ಕ. ತೋಳಿನ ಮೇಲಿನ ಒದ್ದೆ ಹೊಳಪು ಅಂಚಿನಿಂದ ಮೆಲ್ಲಗೆ ಆರುತ್ತಿತ್ತು.